ಮಲ್ಲಾಪುರವೆಂಬ ಊರು ಎಲ್ಲಿ ಹೋಯಿತು?

ಮಲ್ಲೇಶ್ವರದಲ್ಲಿ ಹುಟ್ಟಿ, ಮಲ್ಲೇಶ್ವರದಲ್ಲಿಯೇ ಬೆಳೆದು, ಎಪ್ಪತ್ತು ದಾಟಿದ ಮೇಲೆ ಮಲ್ಲೇಶ್ವರದಲ್ಲಿಯೇ ದಾರಿ ತಪ್ಪುವವನು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ. ಕಳೆದ ಕಾರ್ತಿಕದಲ್ಲಿ ನನ್ನ ಸೋದರಮಾವನ ಮಗ ಬಹಳ ವರ್ಷಗಳ ಮೇಲೆ ಶಿವಮೊಗ್ಗದಿಂದ ಬಂದ. ಸ್ಟೇಷನ್ನಿನಿಂದ ಫೋನು ಮಾಡಿ, “ಭಾವ, ಆಟೋದವನಿಗೆ ಏನು ಗುರುತು ಹೇಳಲಿ?” ಎಂದು ಕೇಳಿದ. ನಾನು ಹಿಂದುಮುಂದು ನೋಡದೆ, “ಮಿಲ್ ದಾಟಿ ಸಂಪಿಗೆ ರಸ್ತೆಯಲ್ಲಿ ನೇರವಾಗಿ ಬಾ. ದೊಡ್ಡ ಅರಳಿಮರ ಸಿಕ್ಕಿದ ಕಡೆ ತಿರುಗು. ಹೆಂಚಿನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ” ಎಂದೆ. ಅರ್ಧ ಗಂಟೆಯಾದ ಮೇಲೆ ಮತ್ತೆ ಫೋನು. “ಭಾವ, ಮಿಲ್ಲೂ ಇಲ್ಲ, ಅರಳಿಮರವೂ ಇಲ್ಲ. ಹೆಂಚಿನ ಮನೆ ಎಂದರೆ ಆಟೋದವನು ನಗುತ್ತಾನೆ.”

ಆಗ ನನಗೂ ನಗು ಬಂತು. ಮರುಕ್ಷಣವೇ ನಗು ನಿಂತಿತು. ನಾನು ಹೇಳಿದ ಮೂರು ಗುರುತುಗಳಲ್ಲಿ ಒಂದಾದರೂ ನೆಲದ ಮೇಲಿಲ್ಲ. ಹೆಂಚಿನ ಮನೆಯಂತೂ ಇಲ್ಲವೇ ಇಲ್ಲ. ಅದು ಇಲ್ಲವೆಂಬುದು ನನಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ಹಾಗಿದ್ದೂ ಬಾಯಿ ಹಳೆಯ ದಾರಿಯನ್ನೇ ಹೇಳಿತು. ಹೀಗೆ ಬಾಯಲ್ಲಿ ಮಾತ್ರ ಉಳಿದಿರುವ ಊರೊಂದು ಪ್ರತಿಯೊಂದು ಬಡಾವಣೆಯ ಅಡಿಯಲ್ಲಿಯೂ ಇರುತ್ತದೆಂದು ತೋರುತ್ತದೆ. ನಮ್ಮ ಬಡಾವಣೆಯ ಅಡಿಯಲ್ಲಿರುವ ಊರಿನ ಲೆಕ್ಕವನ್ನು ವಾಚಕರಿಗೆ ಒಪ್ಪಿಸಬೇಕೆಂದು ಈ ಲೇಖನ.

ನಮ್ಮ ಕಡೆಯ ಹಳೆಯ ದಸ್ತಾವೇಜು ಕಾಗದವಲ್ಲ, ಕಲ್ಲು. ಕಾಡು ಮಲ್ಲೇಶ್ವರನ ಗುಡಿಗೆ ಸಂಬಂಧಿಸಿದ ಶಾಸನವೊಂದು 1669ನೆಯ ಇಸವಿಯದು. ಬರೆಸಿದವನು ಏಕೋಜಿ, ಶಹಾಜಿಯ ಮಗ, ಶಿವಾಜಿಯ ಮಲತಮ್ಮ. ಬೆಂಗಳೂರಿನ ಶಾಸನದಲ್ಲಿ ಮರಾಠರ ಹೆಸರು ಹೇಗೆ ಬಂತೆಂದು ಕೇಳುವ ಎಳೆಯರಿಗಾಗಿ ಎರಡು ಮಾತು ಹೇಳಬೇಕು. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಗೆದ್ದುಕೊಂಡ. ಈ ಸೀಮೆ ಶಹಾಜಿಗೆ ಜಹಗೀರಾಗಿ ಬಂತು. ಅವನ ತರುವಾಯ ಏಕೋಜಿ ಇದನ್ನು ಆಳಿ, ಮುಂದೆ ತಂಜಾವೂರಿಗೆ ಹೋಗಿ ಅಲ್ಲಿ ರಾಜ್ಯ ಕಟ್ಟಿದ. 1687ರಲ್ಲಿ ಮೊಗಲರ ಕೈಗೆ ಬಂದ ಬೆಂಗಳೂರನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿಗೆ ಪಡೆದುಕೊಂಡರೆಂಬುದು ಪ್ರಸಿದ್ಧವಾದ ಸಂಗತಿ.

ಶಾಸನದ ಸಾರ ಇಷ್ಟೆ: ಮಲ್ಲಾಪುರದ ಮಲ್ಲಿಕಾರ್ಜುನ ದೇವರ ಸೇವೆಗೆ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ಬಿಟ್ಟುಕೊಟ್ಟಿದೆ. ಗುಡಿಯನ್ನು ಏಕೋಜಿಯೇ ಕಟ್ಟಿಸಿದನೆಂದು ನಮ್ಮಲ್ಲಿ ಹಲವರು ಹೇಳುವುದುಂಟು. ಆದರೆ ದಾನ ಪಡೆಯುವ ದೇವರು ದಾನಕ್ಕೆ ಮೊದಲೇ ಅಲ್ಲಿ ಇದ್ದಿರಬೇಕಲ್ಲವೆ? ಶಾಸನದಿಂದ ನಮಗೆ ಖಚಿತವಾಗಿ ತಿಳಿಯುವುದು ಎರಡು ಊರುಗಳ ಹೆಸರು ಮಾತ್ರ. ಒಂದು ಮಲ್ಲಾಪುರ, ಇನ್ನೊಂದು ಮೇದರನಿಂಗನಹಳ್ಳಿ. ಎರಡನೆಯ ಹೆಸರನ್ನು ಬಿಡಿಸಿ ನೋಡಿದರೆ, ಬಿದಿರು ಸೀಳಿ ಮೊರ ಬುಟ್ಟಿ ಹೆಣೆಯುವ ಮೇದರವರಲ್ಲಿ ನಿಂಗನೆಂಬೊಬ್ಬನ ಹೆಸರಿನ ಹಳ್ಳಿ ಎಂದು ತೋರುತ್ತದೆ. ಮಲ್ಲಾಪುರ ಹೋಗಿ ಮಲ್ಲೇಶ್ವರವಾಯಿತು; ಹೆಸರಿನ ಅರ್ಧವಾದರೂ ಉಳಿಯಿತು. ಮೇದರ ನಿಂಗನ ಹೆಸರು ನಾನು ಓಡಾಡುವ ಯಾವ ಬೀದಿಯ ಹಲಗೆಯ ಮೇಲೂ ಇಲ್ಲ. ದಾನ ಮಾಡಿದ ದೊರೆಯನ್ನು ಎಲ್ಲರೂ ನೆನೆಯುತ್ತಾರೆ. ದಾನವಾಗಿ ಹೋದ ಹಳ್ಳಿಯನ್ನು ನೆನೆಯುವವರಿಲ್ಲ.

ಇನ್ನು ನೀರಿನ ಮಾತು. ಬೆಂಗಳೂರು ಒಂದು ದಿಣ್ಣೆಯ ಮೇಲೆ ಕುಳಿತ ಊರು. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯಾಗಿ, ಅರ್ಕಾವತಿಯನ್ನು ಸೇರಿ, ಕಡೆಗೆ ಕಾವೇರಿಗೆ ಮುಟ್ಟುತ್ತದೆ. ನಮ್ಮ ಕಡೆಯ ನೀರು ಈ ಎರಡನೆಯ ದಾರಿಯದು. ದೊಡ್ಡ ನದಿಯಿಲ್ಲದ ಊರಿನಲ್ಲಿ ಪೂರ್ವಿಕರು ಇಳಿಜಾರಿಗೊಂದು ಕಟ್ಟೆ ಹಾಕಿ, ಮೇಲಿನ ಕೆರೆ ತುಂಬಿದರೆ ಕೆಳಗಿನ ಕೆರೆಗೆ ಕೋಡಿ ಬೀಳುವಂತೆ ಸರಪಳಿ ಮಾಡಿದರು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯೂ ಇಂಥ ಸರಪಳಿಯಲ್ಲಿ ಸೇರಿಕೊಂಡಿತ್ತು. ಅದಕ್ಕೆ ಅಠಾರಾ ಕಚೇರಿಯ ಕಟ್ಟಡದಿಂದ ಹೆಸರಾದ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯವರ ಹೆಸರು. ಕಟ್ಟಿದ ಉದ್ದೇಶ ದಂಡಿನವರಿಗೆ ನೀರು ಒದಗಿಸುವುದು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನರಲ್ಲಿ ಐದರಲ್ಲೊಂದು ಪಾಲು ಅಳಿದುಹೋಗಿತ್ತು. ಅದನ್ನು ಕಂಡ ಕಾಲಕ್ಕೆ ನೀರಿನ ಬೆಲೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಅಜ್ಜಿಯ ಬಾಯಲ್ಲಿ ಸ್ಯಾಂಕಿ ಎಂಬ ಶಬ್ದವನ್ನು ನಾನು ಕೇಳಿಲ್ಲ. ಅವರಿಗೆ ಅದು ಗಂಧದ ಕೋಠಿ ಕೆರೆ. ಸರ್ಕಾರದ ಗಂಧದ ಮರದ ಉಗ್ರಾಣ ಹತ್ತಿರದಲ್ಲಿದ್ದುದರಿಂದ ಆ ಹೆಸರು. ಮೈಸೂರು ಸೀಮೆಯಲ್ಲಿ ಗಂಧದ ಮರ ಯಾರ ಹಿತ್ತಲಿನಲ್ಲಿ ಹುಟ್ಟಿದರೂ ಸರ್ಕಾರದ ಸ್ವತ್ತಾಗಿದ್ದ ಕಾಲ ಅದು. ಮೊದಲನೆಯ ಮಹಾಯುದ್ಧದಲ್ಲಿ ಗಂಧದ ರಫ್ತು ನಿಂತುಹೋದಾಗ, ಪಕ್ಕದ ಟಾಟಾ ಇನ್ಸ್ಟಿಟ್ಯೂಟಿನ ವಿಜ್ಞಾನಿಗಳ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿಯೇ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಕೆರೆ ಈಗಲೂ ಇದೆ, ಸುಮಾರು 37 ಎಕರೆಯಷ್ಟು. ಬೆಳಿಗ್ಗೆ ಸಂಜೆ ಅದರ ಸುತ್ತ ನಡೆಯುವವರಲ್ಲಿ ನಾನೂ ಒಬ್ಬ. ಗಂಧದ ಹೆಸರು ಮಾತ್ರ ಗಾಳಿಗೆ ಹೋಯಿತು.

ಸ್ಯಾಂಕಿ ಕೆರೆಯದು ಪುಣ್ಯ. ಅದರ ಕೆಳಗಿನವುಗಳಿಗೆ ಆ ಪುಣ್ಯ ಇರಲಿಲ್ಲ. ಮಲ್ಲೇಶ್ವರಕ್ಕೂ ಶೇಷಾದ್ರಿಪುರಕ್ಕೂ ನಡುವೆ ಜಕ್ಕರಾಯನ ಕೆರೆ ಇತ್ತು. ಇಂದಿಗೂ ಆ ಜಾಗಕ್ಕೆ ಜಕ್ಕರಾಯನ ಕೆರೆ ಎಂದೇ ಹೆಸರು. ನೀರು ಮಾತ್ರ ಇಲ್ಲ, ಒಣ ಮೈದಾನವಿದೆ. ಇನ್ನೂ ಕೆಳಗೆ ಹೋದರೆ ಧರ್ಮಾಂಬುಧಿ. ಪೇಟೆಯ ಜನ ಕುಡಿದು ಬದುಕಿದ ನೀರು ಅದು. ಈಗ ಅಲ್ಲಿ ಕೆಂಪೇಗೌಡ ಬಸ್ ನಿಲ್ದಾಣ. ಪಕ್ಕದ ರಸ್ತೆಗೆ ‘ಟ್ಯಾಂಕ್ ಬಂಡ್ ರಸ್ತೆ’ ಎಂಬ ಹೆಸರು ಉಳಿದಿದೆ. ಏರಿ ಇದೆ, ಕೆರೆ ಇಲ್ಲ. ಜೋರು ಮಳೆ ಬಂದ ದಿನ ನಿಲ್ದಾಣದ ಸುತ್ತ ನೀರು ನಿಂತಾಗ ಜನ ಕಾರ್ಪೊರೇಷನ್ನನ್ನು ಬೈಯುತ್ತಾರೆ. ನೀರು ತನ್ನ ಮನೆಗೆ ಬಂದಿದೆ, ಅಷ್ಟೆ. ಮನುಷ್ಯನಿಗಿಂತ ನೀರಿಗೆ ನೆನಪು ಹೆಚ್ಚು.

ಈಗ ನಮ್ಮ ಬಡಾವಣೆ ಹುಟ್ಟಿದ ಕಥೆಗೆ ಬರುತ್ತೇನೆ. ಚಾಮರಾಜಪೇಟೆಯ ತರುವಾಯ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಎಂದು ಎರಡು ಹೊಸ ಬಡಾವಣೆಗಳನ್ನು ಯೋಚಿಸಿದರು. ಪೇಟೆಯಲ್ಲಿ ಜನ ಕಿಕ್ಕಿರಿದಿದ್ದರು. ಆದರೂ ಬೇಗ ಯಾರೂ ಮನೆ ಬಿಟ್ಟು ಬರಲಿಲ್ಲ. ಕತ್ತಲಾದರೆ ನರಿ ಕೂಗುವ ಕಾಡಿಗೆ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಯಾರು ಬರುತ್ತಾರೆ? ಜನರನ್ನು ಎಬ್ಬಿಸಿ ಕಳುಹಿಸಿದ್ದು ಸರ್ಕಾರದ ಆಜ್ಞೆಯಲ್ಲ, ಇಲಿ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಅಜ್ಜಿಗೆ ಆಗ ಎಂಟು ವರ್ಷ. ಅವರ ತಂದೆ ಚಿಕ್ಕಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. “ಅಡಿಗೆಮನೆಯಲ್ಲಿ ಇಲಿ ಬಿತ್ತು ಕಣೋ” ಎಂದು ಅಜ್ಜಿ ಕಥೆ ಆರಂಭಿಸುತ್ತಿದ್ದರು. ಇಲಿ ಬಿತ್ತೆಂದರೆ ಮನೆ ಬಿಡಬೇಕು. ಅದಕ್ಕೆ ಎದುರು ಮಾತಿಲ್ಲ. ಪಾತ್ರೆ ಪಡಗ, ದೇವರ ಪೆಟ್ಟಿಗೆ, ಒಂದು ಮೂಟೆ ಅಕ್ಕಿ ಎಲ್ಲವನ್ನೂ ಎತ್ತಿನ ಗಾಡಿಗೆ ಹೇರಿ ಊರಾಚೆಯ ಬಯಲಿನಲ್ಲಿ ಜೋಪಡಿ ಹಾಕಿಕೊಂಡರು. ಅಜ್ಜಿಯ ತಂಗಿ, ಐದು ವರ್ಷದ ಮಗು, ಆ ಜೋಪಡಿಯಲ್ಲಿಯೇ ಹೋಯಿತು. ಆ ಮಾತಿಗೆ ಬಂದಾಗ ಅಜ್ಜಿ ಎದ್ದು ಒಳಗೆ ಹೋಗಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದರು. ಆ ಮಗುವಿನ ಹೆಸರೇನೆಂದು ನಾನು ಒಮ್ಮೆಯೂ ಕೇಳಲಿಲ್ಲ. ಈಗ ಹೇಳುವವರು ಯಾರೂ ಉಳಿದಿಲ್ಲ.

ವಿ. ಪಿ. ಮಾಧವರಾಯರು ಆಗ ಪ್ಲೇಗ್ ಕಮಿಷನರು. ಮುಂದೆ 1906ರಲ್ಲಿ ದಿವಾನರಾದರು. ಬಸವನಗುಡಿಯ ಮಾಧವರಾಯರ ವೃತ್ತ ಅವರ ಹೆಸರಿನದೇ. ರೋಗ ಬಂದ ಮನೆಗಳ ಹೆಂಚು ತೆಗೆಸಿ ಬಿಸಿಲು ಬೀಳಿಸುವುದು, ಹಾಫ್‌ಕಿನ್ನರ ಲಸಿಕೆ ಹಾಕಿಸುವುದು, ಜನರನ್ನು ಬಯಲಿಗೆ ಕಳುಹಿಸುವುದು, ಇವು ಆ ಕಾಲದ ಉಪಾಯಗಳು. ಪೇಟೆಯಲ್ಲಿಯೂ ದಂಡಿನಲ್ಲಿಯೂ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಜೊತೆಗೆ, ಕಾಡೆಂದು ಹೆದರುತ್ತಿದ್ದ ಮಲ್ಲೇಶ್ವರದಲ್ಲಿ ಸೈಟು ಕೇಳಲು ಹೊರಟರು. ನಮ್ಮ ಮುತ್ತಜ್ಜ ಅವರಲ್ಲಿ ಒಬ್ಬರು.

ಹೊಸ ಬಡಾವಣೆ ರೋಗಕ್ಕೆ ಹೆದರಿದವರ ಬಡಾವಣೆ ಎಂಬುದು ಅದರ ನಕ್ಷೆಯಲ್ಲಿಯೇ ಕಾಣುತ್ತಿತ್ತು. ಅಗಲವಾದ ನೇರ ರಸ್ತೆ, ಲೆಕ್ಕವಿಟ್ಟ ಕ್ರಾಸುಗಳು, ಮನೆಗೂ ಮನೆಗೂ ನಡುವೆ ಗಾಳಿಯಾಡುವ ಜಾಗ, ಸುತ್ತ ಹಿತ್ತಲು, ರಸ್ತೆಯ ಇಕ್ಕೆಲದಲ್ಲಿ ಮರ. ಎರಡು ದೊಡ್ಡ ರಸ್ತೆಗಳಿಗೆ ಮರಗಳ ಹೆಸರನ್ನೇ ಇಟ್ಟರು: ಒಂದು ಸಂಪಿಗೆ, ಇನ್ನೊಂದು ಮಾರ್ಗೋಸಾ. ಮಾರ್ಗೋಸಾ ಎಂದರೆ ನಮ್ಮ ಬೇವೇ. ಕಹಿ ಎಂಬ ಅರ್ಥದ ಪೋರ್ಚುಗೀಸ್ ಮಾತು ಇಂಗ್ಲಿಷರ ಬಾಯಿಗೆ ಬಂದು, ಅವರಿಂದ ನಮ್ಮ ರಸ್ತೆಯ ಹಲಗೆಗೆ ಬಂತು. ಹೀಗೆ ನಮ್ಮ ಬೇವಿನ ಮರದ ನೆರಳಿಗೆ ಲಿಸ್ಬನ್ನಿನ ಹೆಸರು. 1896ರ ವೇಳೆಗೆ ಹೆಸರಘಟ್ಟದ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಬಂದಿತ್ತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತೂ ಬಂತು. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಟಾಟಾ ಇನ್ಸ್ಟಿಟ್ಯೂಟಿಗೆ 371 ಎಕರೆ ನೆಲ ಕೊಟ್ಟ ಮೇಲೆ ನಮ್ಮ ಉತ್ತರದ ಗಡಿಗೆ ವಿದ್ವಾಂಸರ ಊರೊಂದು ಹುಟ್ಟಿತು. ಸರ್ ಸಿ. ವಿ. ರಾಮನ್ನರು ಆ ಸಂಸ್ಥೆಗೆ 1933ರಲ್ಲಿ ಬಂದರು. ಅವರ ಮನೆ ‘ಪಂಚವಟಿ’ ಮಲ್ಲೇಶ್ವರದಲ್ಲಿಯೇ ಇದೆ.

ಈ ನಕ್ಷೆಯಲ್ಲಿ ಇನ್ನೊಂದು ಗೆರೆ ಇತ್ತು. ಅದನ್ನು ಮಲ್ಲೇಶ್ವರವನ್ನು ಹೊಗಳುವವರು ಹೇಳುವುದಿಲ್ಲ. ನಾನೂ ಬಹಳ ಕಾಲ ಹೇಳಿಲ್ಲ. ಮನೆಗಳ ಸಾಲಿನ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಎಂಬ ಸಣ್ಣ ಓಣಿಯಿತ್ತು. ಹಿತ್ತಲ ಗೋಡೆಯಲ್ಲಿ ಕಕ್ಕಸಿಗೆ ಆ ಕಡೆಯಿಂದ ಒಂದು ಕಿಂಡಿ. ಬೆಳಗಾಗುವ ಮೊದಲು ಮಲ ಹೊರುವವರು ಆ ಓಣಿಯಲ್ಲಿ ಬಂದು, ಕೆಲಸ ಮಾಡಿ, ಆ ಓಣಿಯಲ್ಲಿಯೇ ಹೋಗಬೇಕು. ಮುಂದಿನ ರಸ್ತೆಯ ಸಂಪಿಗೆ ಅವರಿಗಲ್ಲ. ಜಾತಿಗೊಂದು ಭಾಗವೆಂಬಂತೆ ಸೈಟುಗಳನ್ನು ವಿಂಗಡಿಸಿದ್ದ ಬಡಾವಣೆಯಲ್ಲಿ ಅವರ ಪಾಲಿಗೆ ಬಂದದ್ದು ಬೆನ್ನ ಹಿಂದಿನ ಓಣಿ. ನಾನು ಚಿಕ್ಕವನಾಗಿದ್ದಾಗ ಒಂದು ಬೆಳಗಿನ ಜಾವ ಹಿತ್ತಲಿಗೆ ಹೋಗಿ, ಗೋಡೆಯ ಮೇಲಿನಿಂದ ಇಣುಕಿದೆ. ನನ್ನ ವಯಸ್ಸಿನದೇ ಹುಡುಗಿಯೊಬ್ಬಳು ತಾಯಿಯ ಹಿಂದೆ ಪೊರಕೆ ಹಿಡಿದು ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅಮ್ಮ ನನ್ನನ್ನು ಒಳಗೆಳೆದುಕೊಂಡು ತಲೆಗೆ ನೀರು ಹಾಕಿದರು. ನೋಡಿದ್ದಕ್ಕೆ ಸ್ನಾನ! 1970ರ ದಶಕದ ಆರಂಭದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಸರ್ಕಾರ ನಿಷೇಧಿಸಿತು. ಓಣಿಗಳನ್ನು ಒಂದೊಂದಾಗಿ ಅಕ್ಕಪಕ್ಕದ ಮನೆಯವರು ತಮ್ಮ ಗೋಡೆಯೊಳಕ್ಕೆ ಸೇರಿಸಿಕೊಂಡರು. ನಮ್ಮ ಬಡಾವಣೆಯಲ್ಲಿ ಕಣ್ಮರೆಯಾದುವುಗಳ ಪೈಕಿ, ಹೋದದ್ದೇ ಒಳ್ಳೆಯದಾಯಿತೆಂದು ನಾನು ಹೇಳಬಲ್ಲದ್ದು ಇದೊಂದೇ. ಆದರೆ ಹೋಯಿತೆಂದು ಮರೆಯುವುದು ಬೇರೆ ಮಾತು.

ಮತ್ತೆ ಮಿಲ್ಲಿನ ಮಾತಿಗೆ ಬರೋಣ. 1884ರಲ್ಲಿ ತುಮಕೂರಿನ ಕಡೆಗೆ ರೈಲು ಹಾದಿ ಬಿತ್ತು. ಅದೇ ದಶಕದಲ್ಲಿ ಆ ಹಾದಿಯ ಹತ್ತಿರ ಹತ್ತಿಯ ಗಿರಣಿಯೊಂದು ಎದ್ದಿತು. ಅದರ ಇಂಗ್ಲಿಷ್ ಹೆಸರು ಉದ್ದವಾದದ್ದು. ಜನರ ಬಾಯಲ್ಲಿ ಅದು ರಾಜಾ ಮಿಲ್. ಅಂದರೆ ಬಡಾವಣೆ ಹುಟ್ಟುವುದಕ್ಕೆ ಮೊದಲೇ ಅಲ್ಲಿ ಕೂಲಿಕಾರರಿದ್ದರು, ಅವರ ವಠಾರಗಳಿದ್ದುವು. ನಮ್ಮ ಮನೆಯಲ್ಲಿ ಗಡಿಯಾರವಿದ್ದರೂ ಅದಕ್ಕೆ ಕೀಲಿ ಕೊಡುವವರಿರಲಿಲ್ಲ. ‘ಮಿಲ್ ಕೂಗಿತು’ ಎಂದರೆ ಒಲೆ ಹಚ್ಚುವ ಹೊತ್ತು. ಇನ್ನೊಮ್ಮೆ ಕೂಗಿದರೆ ನಾವು ಶಾಲೆಗೆ ಓಡುವ ಹೊತ್ತು. ಯಶವಂತಪುರದ ಕಡೆಗೆ 1936ರಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಬಂತು. ನಮ್ಮ ಮನೆಯ ಹಜಾರದಲ್ಲಿ ಉರಿಯುತ್ತಿದ್ದ ಬುರುಡೆ ನಮ್ಮ ನೆರೆಯವರೇ ಊದಿದ್ದು ಎಂಬ ಹೆಮ್ಮೆ ನಮಗೆ. ಮಿಲ್ಲು ಮುಚ್ಚಿತು, 2003ರಲ್ಲಿ ಲ್ಯಾಂಪ್ಸೂ ಮುಚ್ಚಿತು. ಮಿಲ್ಲಿದ್ದ ಜಾಗದಲ್ಲಿ 2010ರಲ್ಲಿ ದೊಡ್ಡ ಮಾಲು ಬಂತು. ಅದರ ಮಗ್ಗುಲಿಗೆ 2014ರಿಂದ ಮೆಟ್ರೋ ಓಡುತ್ತಿದೆ. ನಿಲ್ದಾಣದ ಹೆಸರಿನಲ್ಲಿ ಸಂಪಿಗೆ ರಸ್ತೆ ಇದೆ. ರೈಲಿನೊಳಗೆ ಆ ಹೆಸರನ್ನು ಕೂಗಿದಾಗಲೆಲ್ಲ ನನಗೆ ಸಂತೋಷ. ಹೆಸರಾದರೂ ಉಳಿಯಿತಲ್ಲ ಎಂದು. ಕೂಗಿನ ಜೊತೆ ಹೋದ ಕೂಲಿಕಾರರ ಮನೆಗಳು ಎಲ್ಲಿಗೆ ಹೋದುವು ಎಂದು ಕೇಳುವ ನಿಲ್ದಾಣ ಯಾವುದೂ ಇಲ್ಲ.

ಇಷ್ಟು ಹೊತ್ತು ಬೇರೆಯವರು ಅಳಿಸಿದ್ದನ್ನು ಹೇಳಿದೆ. ನಾನು ಅಳಿಸಿದ್ದನ್ನು ಹೇಳದಿದ್ದರೆ ಲೆಕ್ಕ ತಪ್ಪುತ್ತದೆ.

ಮುತ್ತಜ್ಜ ಕಟ್ಟಿಸಿದ ಮನೆ ಮಂಗಳೂರು ಹೆಂಚಿನದು. ಮುಂಭಾಗದ ಮೊಗಸಾಲೆಗೂ ಕಿಟಕಿಗಳಿಗೂ ಮರದ ಪಟ್ಟಿಗಳ ಚೂಪು ಚಾವಣಿ. ಬೆಂಗಳೂರಿನವರು ಅದನ್ನು ‘ಮಂಕಿ ಟಾಪ್’ ಎನ್ನುತ್ತಿದ್ದರು. ಕೆಂಪು ನೆಲ, ಕಾಲಿಗೆ ತಣ್ಣಗೆ. ಹಿತ್ತಲಲ್ಲಿ ಬಾವಿ, ಬಚ್ಚಲಿನಲ್ಲಿ ಹಂಡೆ, ಗೇಟಿನ ಬಳಿ ಒಂದು ಸಂಪಿಗೆ ಮರ. ಅಜ್ಜಿ ಸತ್ತ ದಿನ ಆ ಮರದ ಹೂವನ್ನೇ ಮುಡಿಸಿದೆವು. ಅಪ್ಪ ಹೋದ ಮೇಲೆ ನಾವು ಅಣ್ಣತಮ್ಮಂದಿರು ನಾಲ್ವರು. ಒಬ್ಬ ಹೊರದೇಶದಲ್ಲಿ, ಒಬ್ಬನಿಗೆ ಮಗಳ ಮದುವೆ, ಒಬ್ಬನಿಗೆ ಸಾಲ. ನನಗೆ ಇವು ಯಾವುವೂ ಇರಲಿಲ್ಲ. ಬೇಡವೆನ್ನಬಹುದಾಗಿತ್ತು. ಅನ್ನಲಿಲ್ಲ, 2006ರಲ್ಲಿ ಸಹಿ ಹಾಕಿದೆ. ನೂರು ವರ್ಷ ನಿಂತ ಮನೆ ಯಂತ್ರದ ಮುಂದೆ ಅರ್ಧ ದಿನ ನಿಲ್ಲಲಿಲ್ಲ. ಸಂಪಿಗೆ ಮರವನ್ನು ಕಡಿದರು. ಕಡಿದವರೇ ಎದ್ದ ಕಟ್ಟಡಕ್ಕೆ ಆ ಹೂವಿನ ಹೆಸರಿಟ್ಟರು. ಅದರ ಮೂರನೆಯ ಮಹಡಿಯಲ್ಲಿ ಈಗ ನನ್ನ ವಾಸ. ಲಿಫ್ಟಿದೆ, ಇಪ್ಪತ್ತನಾಲ್ಕು ಗಂಟೆ ನೀರಿದೆ, ಮಂಡಿನೋವಿನವನಿಗೆ ಸುಖವಾಗಿದೆ. ಸುಖವಾಗಿಲ್ಲವೆಂದರೆ ಸುಳ್ಳಾಗುತ್ತದೆ.

ಬಹಳ ದಿನ ಈ ಪಶ್ಚಾತ್ತಾಪ ಕಾಡಿತು. ಮೆಲ್ಲಗೆ ಇನ್ನೊಂದು ಯೋಚನೆಯೂ ಬಂತು. ನಮ್ಮ ಮುತ್ತಜ್ಜನ ಸೈಟು ಸೈಟಾಗುವುದಕ್ಕೆ ಮೊದಲು ಏನಾಗಿತ್ತು? ಮಲ್ಲಾಪುರದ ಯಾವನೋ ಒಕ್ಕಲಿನ ರಾಗಿಯ ಹೊಲವಿರಬೇಕು. ಅವನಿಗೂ ಒಂದು ಹುಣಿಸೆ ಮರ, ಒಂದು ಬದು, ಒಂದು ಬಾವಿಯ ಗುರುತಿತ್ತಲ್ಲವೆ? ಅವನ ಮಕ್ಕಳೂ ನೆಂಟರಿಗೆ ದಾರಿ ಹೇಳಲಾರದೆ ನಿಂತಿರಬೇಕಲ್ಲವೆ? ನಾವು ನಮ್ಮ ಹೆಂಚಿನ ಮನೆಗಳಿಗಾಗಿ ಅಳುತ್ತೇವೆ. ಆ ಹೆಂಚಿನ ಮನೆ ಎದ್ದದ್ದು ಇನ್ನೊಬ್ಬರ ಗುರುತಿನ ಮೇಲೆ. ಊರು ಬೆಳೆಯಬಾರದೆಂದು ನಾನು ಹೇಳುತ್ತಿಲ್ಲ. ರೋಗಕ್ಕೆ ಹೆದರಿ ಓಡಿಬಂದ ಎಂಟು ವರ್ಷದ ಹುಡುಗಿಗೆ ಒಂದು ಸೂರು ಬೇಕಾಗಿತ್ತು. ಆದರೆ ಯಾರ ನೆಲದ ಮೇಲೆ ನಿಂತಿದ್ದೇವೆಂದು ತಿಳಿದಿರಬೇಕು, ಅಷ್ಟೆ.

ಮಣ್ಣಿಗೆ ಹೋದದ್ದೆಲ್ಲವೂ ಹಾಗೆಯೇ ಹೋಗಿಬಿಡುತ್ತದೆಂದು ಹೇಳುವಂತೆಯೂ ಇಲ್ಲ. ಕಾಡು ಮಲ್ಲೇಶ್ವರನ ಗುಡಿಯ ಎದುರಿಗೆ ಒಂದು ಬಯಲಿತ್ತು. ನಾವು ಹುಡುಗರು ಅಲ್ಲಿ ಬುಗುರಿ, ಗೋಲಿ ಆಡಿದ್ದೇವೆ. 1997ರಲ್ಲಿ ಆ ನೆಲವನ್ನು ಅಗೆದಾಗ ಒಳಗಿನಿಂದ ಒಂದು ಕಲ್ಯಾಣಿ ಎದ್ದುಬಂತು. ಸುತ್ತ ಕಲ್ಲಿನ ಮಂಟಪ. ದಕ್ಷಿಣಕ್ಕೆ ಮುಖ ಮಾಡಿದ ನಂದಿ. ನಂದಿಯ ಬಾಯಿಂದ ನೀರು ಬಂದು ಕೆಳಗಿನ ಶಿವಲಿಂಗದ ಮೇಲೆ ಬೀಳುತ್ತದೆ. ಅದನ್ನೀಗ ನಂದಿತೀರ್ಥವೆನ್ನುತ್ತಾರೆ. ಅದರ ವಯಸ್ಸನ್ನು ಸಾವಿರಗಟ್ಟಲೆ ಏರಿಸುವ ಉತ್ಸಾಹಿಗಳಿದ್ದಾರೆ; ನನಗೆ ಅದು ಬೇಕಿಲ್ಲ. ನಾವು ಬುಗುರಿ ಆಡುತ್ತಿದ್ದ ಅಷ್ಟು ವರ್ಷವೂ ಕಾಲ ಕೆಳಗೆ ನಂದಿಯೊಂದು ಇತ್ತೆಂಬುದೇ ನನಗೆ ಸಾಕಾದ ಆಶ್ಚರ್ಯ.

ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ, ಇವತ್ತೇ ಹತ್ತಿರ ಕುಳಿತು, ಅವರು ಚಿಕ್ಕಂದಿನಲ್ಲಿ ಮನೆಗೆ ದಾರಿ ಹೇಗೆ ಹೇಳುತ್ತಿದ್ದರೆಂದು ಕೇಳಿ ಬರೆದಿಡಿ. ಯಾವ ಬಾವಿ, ಯಾವ ಮರ, ಯಾರ ಅಂಗಡಿ, ಯಾವ ಓಣಿ ಎಂದು ಕೇಳಿ. ಓಣಿಯಲ್ಲಿ ಯಾರು ಬರುತ್ತಿದ್ದರೆಂದೂ ಕೇಳಿ. ಹೋದ ಮಕ್ಕಳ ಹೆಸರನ್ನೂ ಕೇಳಿ. ನಾನು ಕೇಳದೆ ಕೆಟ್ಟೆ.

ಅಂದ ಹಾಗೆ, ನನ್ನ ಭಾವಮೈದ ಆ ದಿನ ಮನೆ ಸೇರಿದನೆ ಎಂದು ನೀವು ಕೇಳಬಹುದು. ಸೇರಿದ. ನನ್ನ ಮಿಲ್ಲು, ಅರಳಿಮರ, ಹೆಂಚಿನ ಮನೆ ಎಲ್ಲವೂ ಕೈಕೊಟ್ಟ ಮೇಲೆ ಆಟೋದವನೇ ಫೋನು ತೆಗೆದುಕೊಂಡು, “ಯಜಮಾನ್ರೆ, ಹತ್ತಿರ ಯಾವ ದೇವಸ್ಥಾನ ಇದೆ ಹೇಳಿ” ಎಂದ. ಕಾಡು ಮಲ್ಲೇಶ್ವರ ಎಂದೆ. “ಅಷ್ಟು ಮೊದಲೇ ಹೇಳಬಾರದಿತ್ತೆ?” ಎಂದು ಹತ್ತೇ ನಿಮಿಷದಲ್ಲಿ ತಂದು ಬಿಟ್ಟ. 1669ರ ಗುರುತು ಇನ್ನೂ ಕೆಲಸ ಮಾಡುತ್ತಿದೆ.